ಲೇಸರ್ ಆಯುಧ ಬಂದ ಮೇಲೆ ಯುದ್ಧವಿಮಾನ ಬೇಡವಾ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಶೇಂಗಾ ಬೆಳೆಯುತ್ತೇವೆ, ಐವತ್ತು ಕುರಿ ಇವೆ. ವರವು ಕಾವಲಿನ ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರ ನಮ್ಮೂರಿಗೆ ಹತ್ತಿರ. ಬಾಲವಿಲ್ಲದ, ಪೈಲಟ್ ಇಲ್ಲದ ವಿಮಾನ ಅಲ್ಲಿ ಹಾರಿತು ಎಂದು ಪೇಪರಿನಲ್ಲಿ ಓದಿದ್ದೇವೆ. ಈಚೆಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಭಾರತದ ಹತ್ತಿರ 'ಕಾಳಿ' ಎಂಬ ಗುಪ್ತ ಲೇಸರ್ ಇದೆಯಂತೆ, ಒಂದು ಕ್ಷಣದಲ್ಲಿ ವಿಮಾನವನ್ನು ಬೂದಿ ಮಾಡುತ್ತದಂತೆ, ಸಿಯಾಚಿನ್ ಹತ್ತಿರ ಹಿಮ ಕುಸಿದದ್ದೂ ಅದರಿಂದಲೇ ಅಂತೆ. ಇಂಥದ್ದನ್ನು ನಮ್ಮ ಕಡೆ ಪರೀಕ್ಷೆ ಮಾಡಿದರೆ ಮಳೆ ಹೋಗುತ್ತದೆ, ಕುರಿಗಳ ಕಣ್ಣು ಹೋಗುತ್ತದೆ ಎಂದು ಊರಲ್ಲಿ ಮಾತಾಡುತ್ತಿದ್ದಾರೆ. ನನ್ನ ಮಗ ಎರಡನೇ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ವಿಮಾನದ ಇಂಜಿನಿಯರ್ ಆಗಬೇಕು ಎಂದು ಆಸೆ ಅವನಿಗೆ. ಲೇಸರ್ ಬಂದ ಮೇಲೆ ವಿಮಾನಕ್ಕೆ ಏನು ಬೆಲೆ ಎಂದು ಗೆಳೆಯರು ಅವನ ಮನಸ್ಸು ಕೆಡಿಸಿದ್ದಾರೆ. ಯಾವುದು ನಿಜ, ಯಾವುದು ಸುಳ್ಳು, ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕುರಿ, ಮಳೆ, ಮಗನ ಓದು, ಮೂರೂ ನಿಮ್ಮ ಬದುಕಿನ ಮಾತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾನು ಲೇಸರ್ ಮತ್ತು ಅದರ ಕನ್ನಡಿಗಳ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು. ಇಲ್ಲಿ ಹೇಳುವುದೆಲ್ಲ ಬಹಿರಂಗವಾಗಿ ಗೊತ್ತಿರುವ ವಿಷಯ.

ಮೊದಲು ನಿಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಲೇಸರ್ ಆಯುಧದ ಪರೀಕ್ಷೆ ಚಿತ್ರದುರ್ಗದಲ್ಲಿ ಈಗಾಗಲೇ ಆಗಿದೆ. 2017ರಲ್ಲಿ ಅಲ್ಲಿ 1 ಕಿಲೋವ್ಯಾಟ್ ಲೇಸರನ್ನು ಲಾರಿಯ ಮೇಲೆ ಇಟ್ಟು 250 ಮೀಟರ್ ದೂರದ ಲೋಹದ ತಗಡಿಗೆ ಹಿಡಿದರು. ತೂತು ಬೀಳಲು 36 ಸೆಕೆಂಡ್ ಬೇಕಾಯಿತು. ಆ 36 ಸೆಕೆಂಡನ್ನು ನೆನಪಿಡಿ. ಸಿನಿಮಾದಲ್ಲಿ ತೋರಿಸುವ ಹಾಗೆ 'ಝಳ್' ಎಂದು ಹೊಳೆದು ವಿಮಾನ ಚೂರಾಗುವ ಕಥೆಗೂ ನಿಜಕ್ಕೂ ಇರುವ ಅಂತರ ಅದರಲ್ಲೇ ಇದೆ.

ಲೇಸರ್ ಆಯುಧ ಗುಂಡಿನ ಹಾಗೆ ಬಡಿಯುವುದಿಲ್ಲ. ಕಾಯಿಸುತ್ತದೆ. ನೀವು ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟಿರಬಹುದು. ಕೈ ಅಲ್ಲಾಡದೆ ಹಿಡಿದರೆ ಹೊಗೆ ಬರುತ್ತದೆ. ಕೈ ನಡುಗಿದರೆ ಎಷ್ಟು ಹೊತ್ತಾದರೂ ಕಾಗದ ಹಾಗೇ ಇರುತ್ತದೆ, ಅಲ್ವಾ? ಲೇಸರ್ ಆಯುಧದ ಕಷ್ಟವೂ ಅದೇ. ಬೆಳಕು ಹುಟ್ಟಿಸುವುದು ಅರ್ಧ ಕೆಲಸ ಮಾತ್ರ. ಕಿಲೋಮೀಟರ್‌ಗಟ್ಟಲೆ ದೂರದಲ್ಲಿ ಓಡುತ್ತಿರುವ ವಸ್ತುವಿನ ಒಂದೇ ಜಾಗದ ಮೇಲೆ ಆ ಚುಕ್ಕೆಯನ್ನು ಕೆಲವು ಸೆಕೆಂಡ್ ಅಲ್ಲಾಡದೆ ನಿಲ್ಲಿಸಬೇಕು. ನನ್ನ ಮೂವತ್ತು ವರ್ಷದಲ್ಲಿ ಹೆಚ್ಚು ಪಾಲು ಇದರ ಜೊತೆ ಗುದ್ದಾಡುವುದರಲ್ಲೇ ಹೋಯಿತು.

ಈಗ ಕಾಳಿಯ ಮಾತು. ಕಾಳಿ ಎಂಬುದು ಇದೆ, ಅದು ಸುಳ್ಳಲ್ಲ. ಆದರೆ ಅದು ಲೇಸರ್ ಅಲ್ಲ. 'ಕಿಲೋ ಆಂಪಿಯರ್ ಲೀನಿಯರ್ ಇಂಜೆಕ್ಟರ್' ಎಂಬುದರ ಮೊದಲಕ್ಷರ ಸೇರಿಸಿ ಇಟ್ಟ ಹೆಸರು ಅದು. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಟ್ಟಿದ, ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಚಿಮ್ಮಿಸುವ ಯಂತ್ರ. ಹಲವು ಟನ್ ತೂಕ. ಪ್ರಯೋಗಾಲಯದಲ್ಲಿ ಕೂತಿರುತ್ತದೆ. ಎಕ್ಸ್-ರೇ ಮಿಂಚು ಹುಟ್ಟಿಸಲು, ಎಲೆಕ್ಟ್ರಾನಿಕ್ ಉಪಕರಣಗಳು ಆಘಾತ ತಡೆಯುತ್ತವೆಯೇ ಎಂದು ನೋಡಲು, ಮೈಕ್ರೋವೇವ್ ಸಂಶೋಧನೆಗೆ ಬಳಸುತ್ತಾರೆ.

ಕಾಳಿ-5000ರ ಶಕ್ತಿ 40 ಗಿಗಾವ್ಯಾಟ್ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಶಕ್ತಿ ಇರುವುದು ಸುಮಾರು 100 ನ್ಯಾನೊಸೆಕೆಂಡ್ ಮಾತ್ರ. ಅಂದರೆ ಒಂದು ಸೆಕೆಂಡನ್ನು ಒಂದು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗ. ಗುಣಿಸಿ ನೋಡಿ: 4,000 ಜೂಲ್ ಬರುತ್ತದೆ. ನೂರು ಮಿಲಿಲೀಟರ್ ನೀರನ್ನು ಹತ್ತು ಡಿಗ್ರಿಯಷ್ಟೂ ಬಿಸಿ ಮಾಡಲು ಅದು ಸಾಲದು. ಇನ್ನೊಂದು ವಿಷಯ, ಆ ಎಲೆಕ್ಟ್ರಾನ್‌ಗಳು ಗಾಳಿಯಲ್ಲಿ ಕೆಲವೇ ಮೀಟರ್ ಹೋಗಿ ನಿಂತುಬಿಡುತ್ತವೆ. ಮುಂಬೈಯಿಂದ ಸಿಯಾಚಿನ್ ಎಲ್ಲಿ! 2012ರ ಏಪ್ರಿಲ್ 7ರಂದು ಸಿಯಾಚಿನ್ ಹತ್ತಿರದ ಗಯಾರಿ ಎಂಬಲ್ಲಿ ಹಿಮ ಕುಸಿದು ಪಾಕಿಸ್ತಾನ ಸೇನೆಯ ಶಿಬಿರದ ಸುಮಾರು 140 ಜನ ಸತ್ತರು. ಎತ್ತರದ ಹಿಮಪರ್ವತದಲ್ಲಿ ಹಿಮಕುಸಿತ ಎರಡೂ ಕಡೆಯ ಸೈನಿಕರನ್ನು ಕೊಲ್ಲುತ್ತಲೇ ಬಂದಿದೆ. ಆ ಸಾವನ್ನು ಒಂದು ಯಂತ್ರದ ಮಹಿಮೆ ಮಾಡಿ ಹರಿಬಿಡುವುದು ನನಗೆ ನಿಜವಾಗಿ ನೋವು ಕೊಡುತ್ತದೆ.

ಹಾಗಾದರೆ ನಮ್ಮ ಹತ್ತಿರ ನಿಜಕ್ಕೂ ಏನಿದೆ? 2025ರ ಏಪ್ರಿಲ್ 13ರಂದು ಆಂಧ್ರದ ಕರ್ನೂಲಿನಲ್ಲಿರುವ ಬಯಲು ಪರೀಕ್ಷಾ ಕೇಂದ್ರದಲ್ಲಿ ಡಿಆರ್‌ಡಿಒ ತನ್ನ 'ಮಾರ್ಕ್-2ಎ' ಲೇಸರನ್ನು ತೋರಿಸಿತು. ವಾಹನದ ಮೇಲೆ ಕೂರಿಸಿದ 30 ಕಿಲೋವ್ಯಾಟ್ ಲೇಸರ್ ಅದು. ರೆಕ್ಕೆಯ ಡ್ರೋನನ್ನೂ ಗುಂಪಾಗಿ ಬಂದ ಸಣ್ಣ ಡ್ರೋನ್‌ಗಳನ್ನೂ ಹೊಡೆದು ಬೀಳಿಸಿತು. ಕಟ್ಟಿದ್ದು ಹೈದರಾಬಾದಿನ 'ಚೆಸ್' ಪ್ರಯೋಗಾಲಯ. ಕೈಜೋಡಿಸಿದವರಲ್ಲಿ ನಮ್ಮ ಬೆಂಗಳೂರಿನ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಕೂಡ ಇದೆ. ಎಂಟು ವರ್ಷದಲ್ಲಿ 1 ಕಿಲೋವ್ಯಾಟ್‌ನಿಂದ 30ಕ್ಕೆ ಬಂದಿದ್ದೇವೆ. ಇದು ಸಣ್ಣ ಸಾಧನೆಯಲ್ಲ. ಈ ಕೆಲಸ ಗೊತ್ತಿರುವವನಾಗಿ ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಆದರೆ 30 ಕಿಲೋವ್ಯಾಟ್ ಅಂದರೆ ಎಷ್ಟು? ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1 ಕಿಲೋವ್ಯಾಟ್ ತರುತ್ತದೆ. ಅಂದರೆ 30 ಚದರ ಮೀಟರ್ ಅಂಗಳದ ಮೇಲೆ ಬೀಳುವ ಬಿಸಿಲೇ 30 ಕಿಲೋವ್ಯಾಟ್. ಲೇಸರಿನ ವಿಶೇಷ ಅದು ಒಂದೇ ಕಡೆ ಬೀಳುತ್ತದೆ ಎಂಬುದು. ಅಷ್ಟೂ ಬೆಳಕು ಹತ್ತು ಸೆಂಟಿಮೀಟರ್ ಅಗಲದ ಚುಕ್ಕೆಯಾದರೆ ಬಿಸಿಲಿಗಿಂತ ಸುಮಾರು 3,800 ಪಟ್ಟು ತೀಕ್ಷ್ಣ. ಚುಕ್ಕೆಯ ಅಗಲ ಎರಡು ಪಟ್ಟಾದರೆ ಆ ತೀಕ್ಷ್ಣತೆ ಕಾಲು ಭಾಗಕ್ಕೆ ಇಳಿಯುತ್ತದೆ.

ಅಗಲವಾಗದೆ ಬಿಡುತ್ತದೆಯೇ? ಬೇಸಿಗೆಯಲ್ಲಿ ಹಿರಿಯೂರು ರಸ್ತೆಯಲ್ಲಿ ದೂರಕ್ಕೆ ನೋಡಿ. ಟಾರಿನ ಮೇಲೆ ಗಾಳಿ ನೀರಿನ ಹಾಗೆ ಕುಣಿಯುತ್ತದೆ, ಎದುರಿನ ಲಾರಿ ತೇಲಿದ ಹಾಗೆ ಕಾಣುತ್ತದೆ. ಲೇಸರ್ ಬೆಳಕೂ ಅದೇ ಗಾಳಿಯೊಳಗೆ ಹೋಗಬೇಕು. ಬಿಸಿಗಾಳಿ ಅದನ್ನು ಬಗ್ಗಿಸುತ್ತದೆ, ಹರಡುತ್ತದೆ. ದೂಳು, ಮಂಜು, ಮೋಡ ಅದನ್ನು ನುಂಗುತ್ತವೆ. ಮಳೆಯಲ್ಲಂತೂ ಕೆಲಸವೇ ಕೆಟ್ಟಂತೆ. ಇನ್ನೊಂದು ಸೂಕ್ಷ್ಮ ಇದೆ. ಲೇಸರ್ ತಾನು ಹೋಗುವ ದಾರಿಯ ಗಾಳಿಯನ್ನೇ ಕಾಯಿಸುತ್ತದೆ. ಆ ಕಾದ ಗಾಳಿ ಮಸೂರದ ಹಾಗಾಗಿ ಬೆಳಕನ್ನು ಹೊರಗೆ ಚದುರಿಸುತ್ತದೆ. ಶಕ್ತಿ ಜಾಸ್ತಿ ಮಾಡಿದಷ್ಟೂ ಈ ತೊಂದರೆ ಜಾಸ್ತಿ. ಅದಕ್ಕೇ ಸುಮ್ನೆ ಕಿಲೋವ್ಯಾಟ್ ಏರಿಸಿದರೆ ಎಲ್ಲ ಸರಿಹೋಗುವುದಿಲ್ಲ.

ಕರೆಂಟಿನ ಲೆಕ್ಕ ನಿಮಗೆ ಬೇಗ ಹಿಡಿಸುತ್ತದೆ. ಇಂಥ ಲೇಸರಿಗೆ ಕೊಟ್ಟ ಕರೆಂಟಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮಾತ್ರ ಬೆಳಕಾಗಿ ಹೊರಬರುತ್ತದೆ. 30 ಕಿಲೋವ್ಯಾಟ್ ಬೆಳಕಿಗೆ 90 ಕಿಲೋವ್ಯಾಟ್ ಕರೆಂಟು ಬೇಕು. 10 ಎಚ್‌ಪಿಯ ಹನ್ನೆರಡು ಬೋರ್‌ವೆಲ್ ಮೋಟಾರುಗಳನ್ನು ಒಟ್ಟಿಗೆ ಓಡಿಸಿದಷ್ಟು. ಉಳಿದ 60 ಕಿಲೋವ್ಯಾಟ್ ಯಂತ್ರದೊಳಗೇ ಬಿಸಿಯಾಗಿ ನಿಲ್ಲುತ್ತದೆ. ಮನೆಯ ಮೂವತ್ತು ಗೀಸರ್ ಒಂದೇ ಪೆಟ್ಟಿಗೆಯಲ್ಲಿ ಉರಿದ ಹಾಗೆ. ಆ ಬಿಸಿಯನ್ನು ಹೊರಗೆ ಹಾಕದಿದ್ದರೆ ಶತ್ರುವಿಗಿಂತ ಮೊದಲು ನಮ್ಮ ಯಂತ್ರವೇ ಸುಡುತ್ತದೆ. ಕನ್ನಡಿಯ ಮೇಲೆ ಕೂತ ಒಂದು ದೂಳಿನ ಕಣ ಬೆಂದು ಇಡೀ ಕನ್ನಡಿ ಕೆಟ್ಟದ್ದನ್ನು ನಾನೇ ನೋಡಿದ್ದೇನೆ.

ಈಗ ನಿಮ್ಮ ಮಗನ ಗೆಳೆಯರ ಮಾತಿಗೆ ಬರೋಣ. ಡ್ರೋನ್ ಎಂದರೆ ಪ್ಲಾಸ್ಟಿಕ್ಕು, ಥರ್ಮೋಕೋಲಿನಂಥ ಫೋಮ್, ಒಂದು ಬ್ಯಾಟರಿ, ಒಂದು ಕ್ಯಾಮೆರಾ. ನಿಧಾನ ಹಾರುತ್ತದೆ, ಹತ್ತಿರ ಬರುತ್ತದೆ. ಅದಕ್ಕೆ ಈ ಲೇಸರ್ ಸಾಕು. ಯುದ್ಧವಿಮಾನ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋದರೆ ನಾಲ್ಕು ಸೆಕೆಂಡಿಗೆ ಒಂದು ಕಿಲೋಮೀಟರ್ ದಾಟಿರುತ್ತದೆ. ಅದರ ಹೊರಮೈ ಗಟ್ಟಿ, ಗಾಳಿ ಅದನ್ನು ತಣ್ಣಗೂ ಮಾಡುತ್ತಿರುತ್ತದೆ. ಮುಖ್ಯವಾಗಿ ಅದು ಲೇಸರಿನ ಹತ್ತಿರ ಬರಬೇಕಾಗಿಯೇ ಇಲ್ಲ. ಹತ್ತಾರು ಕಿಲೋಮೀಟರ್ ದೂರದಿಂದಲೇ ಕ್ಷಿಪಣಿ ಬಿಡುತ್ತದೆ. ಈಗಿನ ಲೇಸರುಗಳ ಕೈ ಅಷ್ಟು ದೂರ ಚಾಚುವುದಿಲ್ಲ.

ವಿಮಾನದ ಮೇಲೇ ದೊಡ್ಡ ಲೇಸರ್ ಕೂರಿಸಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಈ ಕಥೆಯನ್ನು ನಿಮ್ಮ ಮಗನಿಗೆ ಓದಿ ಹೇಳಿ. ಅಮೆರಿಕದವರು ಒಂದು ಬೋಯಿಂಗ್ 747 ವಿಮಾನದ ಹೊಟ್ಟೆ ತುಂಬ ರಾಸಾಯನಿಕ ಲೇಸರ್ ಕಟ್ಟಿದರು. ವೈಎಎಲ್-1 ಎಂದು ಅದರ ಹೆಸರು. ಮೂತಿಯಲ್ಲಿ ತಿರುಗುವ ದೊಡ್ಡ ಗುಮ್ಮಟ, ಒಳಗೆ ಮೆಗಾವ್ಯಾಟ್ ಮಟ್ಟದ ಲೇಸರ್. 2010ರ ಫೆಬ್ರುವರಿ 11ರಂದು ಮೇಲೇರುತ್ತಿದ್ದ ಒಂದು ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ನಿಜವಾಗಿಯೂ ಹೊಡೆದು ಬೀಳಿಸಿತು. ಪ್ರಪಂಚ ಬೆರಗಾಯಿತು. ಮರುವರ್ಷವೇ ಯೋಜನೆಯನ್ನು ನಿಲ್ಲಿಸಿದರು! ಯಾಕೆ? ಆಗಿನ ಅಮೆರಿಕದ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಮೊದಲೇ ಲೆಕ್ಕ ಹೇಳಿದ್ದರು. ಕ್ಷಿಪಣಿ ಹೊಡೆಯಬೇಕಾದರೆ ಆ ದೊಡ್ಡ ವಿಮಾನ ಶತ್ರುದೇಶದ ಗಡಿಯೊಳಗೇ ಸುತ್ತುತ್ತಿರಬೇಕು, ಹೊರಗಿನಿಂದ ಹೊಡೆಯಲು ಲೇಸರಿಗೆ 20ರಿಂದ 30 ಪಟ್ಟು ಹೆಚ್ಚು ಶಕ್ತಿ ಬೇಕು ಎಂದು. ಆಮೇಲೆ ಸಣ್ಣ ಲೇಸರನ್ನು ಯುದ್ಧವಿಮಾನಕ್ಕೆ ತೂಗುಹಾಕುವ 'ಶೀಲ್ಡ್' ಯೋಜನೆ ಬಂತು, ಎಸಿ-130 ವಿಮಾನದಲ್ಲಿ ಕೂರಿಸುವ ಯೋಜನೆಯೂ ಬಂತು. ಎರಡನ್ನೂ ಹಾರಾಟದ ಪರೀಕ್ಷೆ ಮಾಡದೆಯೇ ಕೈಬಿಟ್ಟದ್ದು 2024ರಲ್ಲಿ ಗೊತ್ತಾಯಿತು. ಅಷ್ಟು ದುಡ್ಡು, ಅಷ್ಟು ಜಾಣರು ಇರುವ ದೇಶವೇ ವಿಮಾನದೊಳಗೆ ಜಾಗ, ಕರೆಂಟು, ಬಿಸಿ ಈ ಮೂರಕ್ಕೆ ಸೋತಿತು. ಹೊಸ ತಲೆಮಾರಿನ ಯುದ್ಧವಿಮಾನಗಳಲ್ಲಿ ಹೆಚ್ಚು ಕರೆಂಟು ಹುಟ್ಟಿಸುವ ಇಂಜಿನ್ ಬೇಕು ಎಂದು ಎಲ್ಲರೂ ಒದ್ದಾಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ವಿಮಾನ ಮೂಲೆ ಸೇರುತ್ತಿಲ್ಲ. ರೂಪ ಬದಲಾಗುತ್ತಿದೆ. ನಿಮ್ಮ ಕಾವಲಿನಲ್ಲಿ 2022ರ ಜುಲೈ 1ರಂದು ಮೊದಲ ಸಲ ಹಾರಿದ ಆ ಬಾಲವಿಲ್ಲದ ವಿಮಾನವನ್ನೇ ನೋಡಿ. ಬೆಂಗಳೂರಿನ ಎಡಿಇ ಪ್ರಯೋಗಾಲಯ ಮಾಡಿದ್ದು. ಬಾಲದ ನೆಟ್ಟಗಿನ ಹಲಗೆಗಳು ರೇಡಾರ್ ಅಲೆಯನ್ನು ಚೆನ್ನಾಗಿ ವಾಪಸ್ ಕಳಿಸುತ್ತವೆ. ಅವನ್ನು ತೆಗೆದರೆ ರೇಡಾರಿಗೆ ವಿಮಾನ ಸಣ್ಣದಾಗಿ ಕಾಣುತ್ತದೆ. ಮಾಯವಾಗುವುದಿಲ್ಲ, ತಡವಾಗಿ ಕಾಣುತ್ತದೆ, ಅಷ್ಟೆ. ಆದರೆ ಬಾಲವಿಲ್ಲದ ವಿಮಾನ ಹಿಂದಿನ ಚಕ್ರವಿಲ್ಲದ ಗಾಡಿಯ ಹಾಗೆ ಹೊಯ್ದಾಡುತ್ತದೆ. ಒಳಗಿನ ಕಂಪ್ಯೂಟರ್ ಕ್ಷಣಕ್ಷಣವೂ ಅದನ್ನು ಹಿಡಿದು ನಿಲ್ಲಿಸಬೇಕು. 2023ರ ಡಿಸೆಂಬರಿನಲ್ಲಿ ಅದು ನೆಲದ ರೇಡಾರಿನ ನೆರವಿಲ್ಲದೆ, ನಮ್ಮದೇ 'ಗಗನ್' ಉಪಗ್ರಹ ವ್ಯವಸ್ಥೆಯ ಸಂಕೇತ ಹಿಡಿದು ತಾನಾಗಿ ಇಳಿಯಿತು. ಇನ್ನು ಬೆಂಗಳೂರಿನ ಎಡಿಎ ಸಂಸ್ಥೆ ರೂಪಿಸುತ್ತಿರುವ ಎಎಂಸಿಎ ಯುದ್ಧವಿಮಾನದ ಮಾದರಿಗಳಿಗೆ 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಸಮಿತಿ ಸುಮಾರು 15,000 ಕೋಟಿ ರೂಪಾಯಿ ಒಪ್ಪಿದೆ. ಬೇಡವಾದ ವಸ್ತುವಿಗೆ ಯಾರೂ ಅಷ್ಟು ದುಡ್ಡು ಹಾಕುವುದಿಲ್ಲ.

ಮತ್ತೆ ಲೇಸರಿಗೆ ಎಲ್ಲ ದೇಶಗಳೂ ಯಾಕೆ ಓಡುತ್ತಿವೆ? ಕಾರಣ ಖರ್ಚು. 2025ರ ಮೇ 8ರ ರಾತ್ರಿ ಒಂದರಲ್ಲೇ 36 ಜಾಗಗಳತ್ತ ಪಾಕಿಸ್ತಾನದ 300ರಿಂದ 400 ಡ್ರೋನ್ ಬಂದವು ಎಂದು ನಮ್ಮ ಸರ್ಕಾರ ಹೇಳಿತು. ಲಕ್ಷಗಳ ಬೆಲೆಯ ಡ್ರೋನಿಗೆ ಕೋಟಿಗಳ ಕ್ಷಿಪಣಿ ಬಿಡುತ್ತಾ ಹೋದರೆ ಗೆದ್ದೂ ಸೋತಂತೆ. ಕ್ಷಿಪಣಿಗಳು ಮುಗಿದುಹೋಗುತ್ತವೆ, ಹೊಸದು ತಯಾರಾಗಲು ತಿಂಗಳುಗಳು ಬೇಕು. ಆ ರಾತ್ರಿಗಳಲ್ಲಿ ಹೆಚ್ಚು ಕೆಲಸ ಮಾಡಿದ್ದರಲ್ಲಿ ದಶಕಗಳ ಹಳೆಯ ಎಲ್-70 ಫಿರಂಗಿಗಳೂ ಇದ್ದವು. ಫಿರಂಗಿ ಅಗ್ಗ, ನಂಬಬಹುದು. ಆದರೆ ಮೇಲೆ ಹೋದ ಗುಂಡಿನ ಚೂರು ಎಲ್ಲೋ ಕೆಳಗೆ ಬೀಳಲೇಬೇಕು. ಊರ ಮೇಲೆ ಬಿದ್ದರೆ ನಮ್ಮವರಿಗೇ ಅಪಾಯ. ಜಾಮರ್ ಹಾಕಿ ಡ್ರೋನಿನ ರೇಡಿಯೋ ಸಂಪರ್ಕ ಕತ್ತರಿಸಬಹುದು. ಯಾರ ಆಜ್ಞೆಯೂ ಬೇಡದೆ ತಾನೇ ದಾರಿ ಹಿಡಿದು ಬರುವ ಡ್ರೋನಿಗೆ ಜಾಮರ್ ನಾಟುವುದಿಲ್ಲ. ಉಕ್ರೇನಿನಲ್ಲಿ ರೇಡಿಯೋ ಬದಲು ದಾರದಂಥ ಫೈಬರ್ ಎಳೆದುಕೊಂಡೇ ಹಾರುವ ಡ್ರೋನ್‌ಗಳು ಬಂದಿವೆ, ಅವಕ್ಕೂ ಅಷ್ಟೆ.

ಲೇಸರಿನ ಅನುಕೂಲ ಇಲ್ಲಿದೆ. ತಮ್ಮ 'ಡ್ರ್ಯಾಗನ್‌ಫೈರ್' ಲೇಸರಿನ ಒಂದು ಹೊಡೆತಕ್ಕೆ 10 ಪೌಂಡಿಗಿಂತ ಕಡಿಮೆ ಖರ್ಚು ಎಂದು ಬ್ರಿಟನ್ ರಕ್ಷಣಾ ಇಲಾಖೆ ಹೇಳಿದೆ. ಅದು ಹೊಡೆತದ ಖರ್ಚು ಮಾತ್ರ, ಯಂತ್ರದ ಬೆಲೆ ಬೇರೆ ಎಂಬುದನ್ನು ಮರೆಯಬೇಡಿ. ಕರೆಂಟು ಇರುವ ತನಕ ಗುಂಡು ಮುಗಿಯುವುದಿಲ್ಲ. ಇಸ್ರೇಲ್ 2024ರ ಯುದ್ಧದಲ್ಲಿ ಕಡಿಮೆ ಶಕ್ತಿಯ ಲೇಸರಿನಿಂದ ಡ್ರೋನ್‌ಗಳನ್ನು ಬೀಳಿಸಿದೆ. ಅನನುಕೂಲ ಆಗಲೇ ಹೇಳಿದೆ: ಮೋಡ, ಮಳೆ, ದೂಳು. ಜೊತೆಗೆ ಒಂದು ಸಲಕ್ಕೆ ಒಂದೇ ಗುರಿ. ಐವತ್ತು ಡ್ರೋನ್ ಒಟ್ಟಿಗೆ ಬಂದರೆ ಒಂದೊಂದಕ್ಕೆ ಮೂರು ಸೆಕೆಂಡ್ ಎಂದರೂ ಎರಡೂವರೆ ನಿಮಿಷ ಬೇಕು. ಅಷ್ಟರಲ್ಲಿ ಅರ್ಧ ಒಳಗೆ ಬಂದಿರುತ್ತವೆ.

ಅದಕ್ಕೆ ಮೈಕ್ರೋವೇವ್ ಆಯುಧವನ್ನೂ ಬೆಳೆಸುತ್ತಿದ್ದಾರೆ. ಅದು ಟಾರ್ಚಿನ ಬೆಳಕಿನ ಹಾಗೆ ಅಗಲವಾಗಿ ಹರಡುತ್ತದೆ. ಎದುರಿಗೆ ಬಂದ ಗುಂಪಿನ ಎಲೆಕ್ಟ್ರಾನಿಕ್ಸನ್ನು ಒಟ್ಟಿಗೇ ಕೆಡಿಸುತ್ತದೆ. ಹರಡುವುದರಿಂದಲೇ ದೂರಕ್ಕೆ ಬಲ ಸಾಲದು, ಪಕ್ಕದಲ್ಲಿರುವ ನಮ್ಮದೇ ಉಪಕರಣಕ್ಕೂ ಪೆಟ್ಟಾಗಬಹುದು. ಇದಕ್ಕೆ ಬೇಕಾದ ಮೈಕ್ರೋವೇವ್ ಟ್ಯೂಬುಗಳ ಕೆಲಸ ಮಾಡುವ ಪ್ರಯೋಗಾಲಯ ಬೆಂಗಳೂರಿನ ಜಾಲಹಳ್ಳಿಯಲ್ಲಿದೆ. ನನ್ನನ್ನು ಕೇಳಿದರೆ ಇವೆಲ್ಲವನ್ನೂ ಪದರ ಪದರವಾಗಿ ಇಟ್ಟುಕೊಳ್ಳುವುದೇ ಸರಿ. ಲೇಸರ್ ಒಂದನ್ನೇ ನಂಬಿ ಕೂತ ಸೇನೆ ಮುಂಗಾರಿನ ಮೊದಲ ವಾರದಲ್ಲೇ ಕಷ್ಟಕ್ಕೆ ಬೀಳುತ್ತದೆ.

ನಿಮ್ಮ ಊರಿನ ಭಯಕ್ಕೆ ಬರುತ್ತೇನೆ. ಮಳೆಯ ಬಗ್ಗೆ ಚಿಂತೆ ಬಿಡಿ. ನಿಮ್ಮ ಒಂದು ಎಕರೆ ಹೊಲದ ಮೇಲೆ ಮಧ್ಯಾಹ್ನ ಬೀಳುವ ಬಿಸಿಲು ಸುಮಾರು 4,000 ಕಿಲೋವ್ಯಾಟ್. ಅದರ ಮುಂದೆ 30 ಕಿಲೋವ್ಯಾಟ್ ಯಾವ ಮೂಲೆಗೆ? ಚಳ್ಳಕೆರೆಗೆ ಮಳೆ ಕಡಿಮೆ ಎಂಬುದು ಲೇಸರ್ ಹುಟ್ಟುವುದಕ್ಕೆ ಮೊದಲಿನಿಂದ ಇರುವ ಕಷ್ಟ. ಲೇಸರಿಗೂ ಮೈಕ್ರೋವೇವಿಗೂ ವಿಕಿರಣದ ವಿಷ ಇಲ್ಲ, ನೆಲದಲ್ಲಿ, ಮೇವಿನಲ್ಲಿ ಏನೂ ಉಳಿಯುವುದಿಲ್ಲ.

ಕಣ್ಣಿನ ಮಾತು ಮಾತ್ರ ಸುಳ್ಳಲ್ಲ. ಈ ಲೇಸರುಗಳ ಬೆಳಕು ನಮಗೆ ಕಾಣಿಸದು. ವಿಡಿಯೋಗಳಲ್ಲಿ ತೋರಿಸುವ ಕೆಂಪು ಹಸಿರು ಗೆರೆಯೆಲ್ಲ ಸೇರಿಸಿದ್ದು. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ನೇರ ಕಣ್ಣಿನ ಹಿಂಪರದೆಗೆ ಹೋಗಿ ಸುಡುತ್ತದೆ. ತಗಡಿಗೆ ತಾಗಿ ಹೊಳೆದು ಬಂದ ಬೆಳಕೂ ಅಪಾಯವೇ. ಅದಕ್ಕಾಗಿಯೇ ಪರೀಕ್ಷೆಯ ಹೊತ್ತಿನಲ್ಲಿ ಆಕಾಶದ ದಾರಿ ಮುಚ್ಚುತ್ತಾರೆ, ಯಾರೂ ಇಲ್ಲದ ದಿಕ್ಕಿಗೆ ಮಾತ್ರ ಹಿಡಿಯುತ್ತಾರೆ. ಬೇಲಿಯ ಹೊರಗೆ ಮೇಯುವ ಕುರಿಗೆ ಇದರಿಂದ ತೊಂದರೆ ಬರುವ ಕಾರಣವಿಲ್ಲ. ಬೇಲಿಯ ಒಳಗೆ ಮಾತ್ರ ಕುರಿ ಬಿಡಬೇಡಿ. ಕಾವಲು ಒಂದು ಕಾಲಕ್ಕೆ ನಿಮ್ಮ ಮೇವಿನ ನೆಲವಾಗಿತ್ತು, ಅದನ್ನು ಕಳೆದುಕೊಂಡ ನೋವು ನನಗೆ ಅರ್ಥವಾಗುತ್ತದೆ. ಆದರೂ ಎಚ್ಚರಿಕೆ ಹಾಕಿದ ಕಡೆ ಹೋಗಬೇಡಿ. ಅಂದಹಾಗೆ, ಮನುಷ್ಯರನ್ನು ಶಾಶ್ವತವಾಗಿ ಕುರುಡು ಮಾಡಲೆಂದೇ ತಯಾರಿಸುವ ಲೇಸರನ್ನು 1995ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಭಾರತವೂ ಅದಕ್ಕೆ ಒಪ್ಪಿದೆ.

ನಿಮ್ಮ ಮಕ್ಕಳ ಕಣ್ಣಿಗೆ ಹತ್ತಿರದ ಅಪಾಯ ಬೇರೆ ಇದೆ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಜೊತೆ ತಿರುಗಿಸುವ ಲೇಸರ್ ಲೈಟು. ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ಅದನ್ನು ನೋಡಿದ ಹುಡುಗರ ಕಣ್ಣಿನ ಹಿಂಪರದೆಗೆ ಪೆಟ್ಟಾಗಿದೆ. ಊರಿನವರು ಸೇರಿ ನಿಲ್ಲಿಸುವುದಿದ್ದರೆ ಮೊದಲು ಇದನ್ನು ನಿಲ್ಲಿಸಿ. ಇನ್ನೊಂದು, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ 'ತಪಸ್' ಎಂಬ ಪೈಲಟ್ ರಹಿತ ವಿಮಾನ ಹೊಲದಲ್ಲಿ ಬಿತ್ತು. ಜನ ಮುತ್ತಿಕೊಂಡು ಫೋಟೋ ತೆಗೆದರು. ಹಾಗೆ ಏನಾದರೂ ಬಿದ್ದರೆ ಹತ್ತಿರ ಹೋಗಬೇಡಿ. ಬ್ಯಾಟರಿ, ಇಂಧನ ತಡವಾಗಿಯೂ ಹೊತ್ತಿಕೊಳ್ಳುತ್ತವೆ, ಮುರಿದ ಕಾರ್ಬನ್ ನಾರು ಕೈಗೆ ಚುಚ್ಚುತ್ತದೆ, ಪುಡಿ ಉಸಿರಿನೊಳಗೆ ಹೋಗುತ್ತದೆ. ದೂರ ನಿಂತು 112ಕ್ಕೆ ಫೋನ್ ಮಾಡಿ.

ಮಗನ ಓದಿಗೆ ಬಂದರೆ, ವಿಮಾನವೋ ಲೇಸರೋ ಎಂದು ಈಗಲೇ ಆರಿಸಬೇಕಾಗಿಲ್ಲ. ಮೆಕ್ಯಾನಿಕಲ್ ಓದಿದರೆ ಬಿಸಿ ಹೊರಹಾಕುವ ಕೆಲಸ ಎರಡೂ ಕಡೆ ಇದೆ, ಅದಕ್ಕೆ ಒಳ್ಳೆಯವರು ಸಿಗುವುದೇ ಕಷ್ಟ. ಎಲೆಕ್ಟ್ರಾನಿಕ್ಸ್ ಓದಿದರೆ ಗುರಿ ಹಿಡಿದು ನಿಲ್ಲಿಸುವ ಕೆಲಸ. ಇಂಜಿನಿಯರಿಂಗ್ ಸೀಟು ಸಿಗದಿದ್ದರೆ ಬಿಎಸ್ಸಿ ಭೌತಶಾಸ್ತ್ರ ಓದಿ, ಎಂಎಸ್ಸಿಯಲ್ಲಿ ಬೆಳಕಿನ ವಿಜ್ಞಾನ ಹಿಡಿಯಬಹುದು. ಆ ದಾರಿ ಉದ್ದ, ಕೈಗೆ ಸಂಬಳ ತಡವಾಗಿ ಬರುತ್ತದೆ, ಅದನ್ನು ಮನೆಯಲ್ಲಿ ಲೆಕ್ಕ ಹಾಕಿ. ಡಿಆರ್‌ಡಿಒ ವಿಜ್ಞಾನಿ ಹುದ್ದೆಗೆ ದೇಶಮಟ್ಟದ 'ಗೇಟ್' ಪರೀಕ್ಷೆಯ ಅಂಕ ಕೇಳುತ್ತಾರೆ ಎಂಬುದು ಅವನಿಗೆ ಈಗಲೇ ಗೊತ್ತಿರಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ನಿಮ್ಮ ಕುದಾಪುರದಲ್ಲೇ ಇದೆ. ಒಂದು ದಿನ ಅನುಮತಿ ಕೇಳಿ ಕರೆದುಕೊಂಡು ಹೋಗಿ ತೋರಿಸಿ.

ಅಷ್ಟರೊಳಗೆ ಅವನಿಗೆ ಒಂದು ಕೆಲಸ ಕೊಡಿ. ಒಂದು ಭೂತಗನ್ನಡಿ, ಒಂದು ಕಪ್ಪು ಕಾಗದ, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಹನ್ನೆರಡು ಗಂಟೆಯ ಬಿಸಿಲಿನಲ್ಲಿ, ಒಣಹುಲ್ಲು, ಬಣವೆ ಇಲ್ಲದ ಬರಿ ನೆಲದ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡು ಮಾಡಲಿ. ಕನ್ನಡಿಯ ಮೂಲಕ ಸೂರ್ಯನನ್ನು ಯಾವ ಕಾರಣಕ್ಕೂ ನೋಡಬಾರದು. ಚುಕ್ಕೆಯನ್ನು ಅಲ್ಲಾಡದೆ ಹಿಡಿದರೆ ಹೊಗೆ ಬರಲು ಎಷ್ಟು ಸೆಕೆಂಡ್? ಬೇಕೆಂದೇ ಕೈ ಅಲ್ಲಾಡಿಸಿದರೆ ಎಷ್ಟು? ಚುಕ್ಕೆಯನ್ನು ಎರಡು ಪಟ್ಟು ಅಗಲ ಮಾಡಿದರೆ ಎಷ್ಟು? ಹತ್ತು ಹತ್ತು ಸಲ ಅಳೆದು ಬರೆದಿಡಲಿ. ಆ ಲೆಕ್ಕದ ಹಾಳೆಯ ಫೋಟೋ ನನಗೆ ಕಳಿಸಿ, ಅವನ ಅಂಕಿಗಳನ್ನು ಇಟ್ಟುಕೊಂಡೇ ಮುಂದಿನ ಮಾತು ಆಡೋಣ.